ಅವಧಿ ಗುಂಡಿ: ಬಳಕೆದಾರರ ಕೈಪಿಡಿ

ಪೆಟ್ಟಿಗೆಯಲ್ಲಿ ಏನಿದೆ

ಆರ್ಕೇಡ್ ಶೂಟರ್ ಆಟಗಳ ಸ್ಕೋರ್ ಸ್ಪರ್ಧೆ ನಡೆಸುವ ಮಹನೀಯರಿಗಾಗಿಯೇ ಈ ಉಪಕರಣವನ್ನು ತಯಾರಿಸಲಾಗಿದೆ. ಪೆಟ್ಟಿಗೆಯಲ್ಲಿ ಒಂದು ಗುಂಡಿ, ನಾಲ್ಕು ಸ್ಕ್ರೂ ಮತ್ತು ಈ ಕೈಪಿಡಿ ಇರಬೇಕು. ಸ್ಕ್ರೂ ಮೂರೇ ಇದ್ದರೆ ಗಾಬರಿ ಬೇಡ, ನಾಲ್ಕನೆಯದು ಹೇಗೂ ಯಾವ ತೂತಿಗೂ ಕೂರುವುದಿಲ್ಲ. ಬ್ಯಾಟರಿ ಕೊಟ್ಟಿಲ್ಲ. ಉಪಕರಣವು ಆಟಗಾರರ ನಿದ್ದೆಯಿಂದ ಚಾರ್ಜ್ ಆಗುತ್ತದೆ.

ಆರ್ಕೇಡ್ ಯಂತ್ರದ ಹಿಂಬಾಗಿಲು ತೆಗೆದು ನೋಡಿದವರಿಗೆ ಡಿಪ್ ಸ್ವಿಚ್ ಗೊತ್ತಿರುತ್ತದೆ. ಬೋರ್ಡಿನ ಮೇಲೆ ಸಾಲಾಗಿ ಕೂತ, ಉಗುರಿನ ತುದಿಯಲ್ಲಿ ಸರಿಸಬೇಕಾದ ಪುಟಾಣಿ ಸ್ವಿಚ್‌ಗಳು. ಒಂದು ನಾಣ್ಯಕ್ಕೆ ಎಷ್ಟು ಆಟ, ಒಂದು ಆಟಕ್ಕೆ ಎಷ್ಟು ನೌಕೆ, ಎಷ್ಟು ಅಂಕವಾದರೆ ಇನ್ನೊಂದು ನೌಕೆ ಬಹುಮಾನ, ಶತ್ರುಗಳು ಎಷ್ಟು ಕ್ರೂರಿಗಳು, ಎಲ್ಲವನ್ನೂ ಅಂಗಡಿಯ ಮಾಲೀಕ ಅಲ್ಲೇ ತೀರ್ಮಾನಿಸುತ್ತಿದ್ದ. ಸ್ಪರ್ಧೆ ಎಷ್ಟು ದಿನ ನಡೆಯಬೇಕು ಎಂಬುದಕ್ಕೆ ಮಾತ್ರ ಬೋರ್ಡಿನ ಮೇಲೆ ಸ್ವಿಚ್ ಇರಲಿಲ್ಲ. ಆಯೋಜಕರು ಅದನ್ನು ಹಾಲ್ ಬಾಡಿಗೆ ನೋಡಿಯೋ ಕ್ಯಾಲೆಂಡರ್ ನೋಡಿಯೋ ನಿಗದಿ ಮಾಡುತ್ತ ಬಂದರು. ಆ ಕೊರತೆಯನ್ನು ಈ ಗುಂಡಿ ತುಂಬುತ್ತದೆ; ಅದರ ಸುತ್ತಲಿನ ಒಂದೊಂದು ಗೀಟೂ ಒಂದೊಂದು ಅವಧಿ.

ಎಚ್ಚರಿಕೆ: ಗುಂಡಿಯನ್ನು ಬಲಕ್ಕೆ ತಿರುಗಿಸಿದಷ್ಟೂ ಸ್ಪರ್ಧೆ ಉದ್ದವಾಗುತ್ತದೆ, ಆಟ ಗಿಡ್ಡವಾಗುತ್ತದೆ. ಇದು ತಯಾರಿಕೆಯ ದೋಷವಲ್ಲ. ವಿವರಕ್ಕೆ ‘ತಿಂಗಳ ಗೀಟು’ ಓದುವುದು. ಗ್ರಾಹಕರು ಇದನ್ನು ಓದದೆ ನೇರ ಬಲತುದಿಗೆ ತಿರುಗಿಸುತ್ತಾರೆ ಎಂಬುದು ನಮಗೆ ಗೊತ್ತು.

ಅಳವಡಿಸುವ ಮುನ್ನ

ನಿಮ್ಮ ಆಟಕ್ಕೆ ಕೊನೆ ಎಂಬುದು ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಗುಂಡಿ ಸುಮ್ಮನೆ ಗಿರಗಿರನೆ ತಿರುಗುತ್ತದೆ, ಬೇರೇನೂ ಆಗುವುದಿಲ್ಲ.

ಅಟಾರಿ ಕಂಪನಿ 1979ರಲ್ಲಿ ಬಿಟ್ಟ ಆಸ್ಟರಾಯ್ಡ್ಸ್ ಇಂಥದ್ದು. ಅದರಲ್ಲಿ ಪ್ರತಿ 10,000 ಅಂಕಕ್ಕೆ ಒಂದು ನೌಕೆ ಪುಕ್ಕಟೆ. ಸಣ್ಣ ಹಾರುತಟ್ಟೆ ಹೊಡೆದರೆ 1,000 ಅಂಕ. ಒಂದೋ ಎರಡೋ ಬಂಡೆಚೂರನ್ನು ಬೇಕೆಂದೇ ಉಳಿಸಿಕೊಂಡು ತಟ್ಟೆಗಾಗಿ ಹೊಂಚು ಹಾಕಿ ಕೂತರೆ, ಹತ್ತು ತಟ್ಟೆಗೆ ಒಂದು ನೌಕೆ. ಪಳಗಿದವನ ಕೈಯಲ್ಲಿ ನೌಕೆಗಳು ಖರ್ಚಾಗುವುದಕ್ಕಿಂತ ಬೇಗ ಜಮೆಯಾಗುತ್ತವೆ. 1982ರ ನವೆಂಬರಿನಲ್ಲಿ ಸ್ಕಾಟ್ ಸಫ್ರಾನ್ ಎಂಬ 15 ವರ್ಷದ ಹುಡುಗ ಪೆನ್ಸಿಲ್ವೇನಿಯಾದಲ್ಲಿ 4,13,36,440 ಅಂಕ ಮಾಡಿದ. ಅದನ್ನು ದಾಟಲು 2010ರವರೆಗೆ ಯಾರಿಗೂ ಆಗಲಿಲ್ಲ. ಆ ವರ್ಷ ಜಾನ್ ಮೆಕ್‌ಅಲಿಸ್ಟರ್ ಸುಮಾರು 58 ಗಂಟೆ ಆಡಿ 4,13,38,740 ಮುಟ್ಟಿದರು. ಎರಡಕ್ಕೂ ಇರುವ ವ್ಯತ್ಯಾಸ 2,300. ಎಂದರೆ ಎರಡು ಸಣ್ಣ ತಟ್ಟೆ, ಮೇಲೊಂದಿಷ್ಟು ಚಿಲ್ಲರೆ.

ಇಂಥ ಆಟದಲ್ಲಿ ಆಟಗಾರನು ನೌಕೆಗಳನ್ನು ಕೂಡಿಟ್ಟು, ಅವು ತೆರೆಯ ಮೇಲೆ ಒಂದೊಂದಾಗಿ ಸಾಯುತ್ತಿರುವಾಗ ಶೌಚಕ್ಕೆ ಹೋಗಿ ಬರುತ್ತಾನೆ. ಹಾಗಾಗಿ ಸ್ಪರ್ಧೆಯು ಕೈಚಳಕವನ್ನು ಅಳೆಯುತ್ತಿದೆಯೋ ಮೂತ್ರಕೋಶವನ್ನು ಅಳೆಯುತ್ತಿದೆಯೋ ಹೇಳುವುದು ಕಷ್ಟ. 1981ರಲ್ಲಿ ಅಯೋವಾ ರಾಜ್ಯದ ಒಟಮ್ವಾದಲ್ಲಿ ಟ್ವಿನ್ ಗ್ಯಾಲಕ್ಸೀಸ್ ಎಂಬ ಆರ್ಕೇಡ್ ತೆರೆದು, ಮರುವರ್ಷದಿಂದ ದೇಶದ ಸ್ಕೋರುಗಳನ್ನೆಲ್ಲ ದಾಖಲಿಸತೊಡಗಿದ ವಾಲ್ಟರ್ ಡೇ ಅವರ ಸಂಸ್ಥೆಗೂ ಈ ತೊಡಕು ಎದುರಾಯಿತು. ಮ್ಯಾರಥಾನ್ ದಾಖಲೆ ಬೇರೆ, ಇಂತಿಷ್ಟೇ ನೌಕೆ ಕೊಟ್ಟು ಬಹುಮಾನದ ನೌಕೆ ನಿಲ್ಲಿಸಿ ಆಡುವ ಟೂರ್ನಮೆಂಟ್ ದಾಖಲೆ ಬೇರೆ ಎಂದು ಪಟ್ಟಿ ಒಡೆಯಬೇಕಾಯಿತು. ನೀವೂ ಹಾಗೇ ಮಾಡಿ. ಮೊದಲು ಬಹುಮಾನದ ನೌಕೆಯ ಸ್ವಿಚ್ ಆರಿಸಿ, ಆಮೇಲೆ ನಮ್ಮ ಗುಂಡಿ ಮುಟ್ಟಿ.

ಎರಡು ನಿಮಿಷದ ಗೀಟು

ಎಡತುದಿಯಿಂದ ಶುರು ಮಾಡೋಣ. ಈ ಗೀಟನ್ನು ಜಗತ್ತಿಗೆ ಕಲಿಸಿದ್ದು ಜಪಾನಿನ ಹಡ್ಸನ್ ಕಂಪನಿ. 1985ರ ಬೇಸಿಗೆ ರಜೆಯಲ್ಲಿ ಅದು ‘ಕ್ಯಾರವಾನ್’ ಎಂಬ ಹೆಸರಿನಲ್ಲಿ ಊರೂರಿಗೆ ಹೋಗಿ ಮಕ್ಕಳಿಗೆ ಸ್ಟಾರ್ ಫೋರ್ಸ್ ಸ್ಪರ್ಧೆ ನಡೆಸಿತು. ಮರುವರ್ಷ ಸ್ಟಾರ್ ಸೋಲ್ಜರ್, ಅದರ ಮರುವರ್ಷ ಹೆಕ್ಟರ್ ’87. ಮುಂದೆ 1990ರಿಂದ ಸೂಪರ್ ಸ್ಟಾರ್ ಸೋಲ್ಜರ್, ಫೈನಲ್ ಸೋಲ್ಜರ್, ಸೋಲ್ಜರ್ ಬ್ಲೇಡ್ ವರ್ಷಕ್ಕೊಂದರಂತೆ ಬಂದವು. ಈ ಕೊನೆಯ ಮೂರರ ಒಳಗೇ 2 ನಿಮಿಷದ ಆಟ, 5 ನಿಮಿಷದ ಆಟ ಎಂಬ ಆಯ್ಕೆಗಳಿದ್ದವು. ಸರತಿಯಲ್ಲಿ ನಿಂತ ನೂರಾರು ಮಕ್ಕಳನ್ನು ಒಂದೇ ಹಗಲಲ್ಲಿ ಆಡಿಸಿ ಕಳಿಸಬೇಕೆಂದರೆ ಬೇರೆ ದಾರಿ ಏನಿದೆ? ಒಂದು ಪ್ರಕಾರದ ಆಟವೇ ಹುಟ್ಟಲು ಸರತಿಯ ಉದ್ದ ಸಾಕಾಯಿತು.

ಈ ಗೀಟಿನಲ್ಲಿ ಸಾವಿಗೆ ಬೆಲೆಯಿಲ್ಲ, ಸಮಯಕ್ಕಿದೆ. ನೌಕೆ ಒಡೆದರೆ ಹೋಗುವುದು ಕೆಲವು ಸೆಕೆಂಡು, ಮತ್ತೆ ಗಳಿಸಬೇಕಾದ ಒಂದಿಷ್ಟು ಬಲ. ಇದೇ ತರ್ಕವನ್ನು 2008ರ ಜಿಯೊಮೆಟ್ರಿ ವಾರ್ಸ್ 2 ಆಟದ ‘ಡೆಡ್‌ಲೈನ್’ ವಿಭಾಗ ಇನ್ನಷ್ಟು ಬಿಚ್ಚಿಟ್ಟಿತು: ಮೂರು ನಿಮಿಷ, ಲೆಕ್ಕವಿಲ್ಲದಷ್ಟು ಜೀವ. ಆದ್ದರಿಂದ ಹೆದರುವವನೂ ಧೈರ್ಯವಂತನಾಗುತ್ತಾನೆ. ಸ್ಟಾರ್ ಫೋರ್ಸ್‌ನಲ್ಲಿ ಲಾರಿಯೋಸ್ ಎಂಬ ಶತ್ರು ತುಂಡುತುಂಡಾಗಿ ಬಂದು ಕೂಡಿಕೊಳ್ಳುತ್ತದೆ. ಕೂಡುವ ಮುನ್ನವೇ ನಡುಭಾಗವನ್ನು ಸುಟ್ಟರೆ 50,000 ಅಂಕ, ಕೂಡಿಕೊಂಡ ಮೇಲೆ ಆ ಭಾಗ್ಯವಿಲ್ಲ. ಗಡಿಯಾರ ಓಡುತ್ತಿರುವಾಗ ಇದನ್ನು ಬಿಟ್ಟು ಜೀವ ಉಳಿಸಿಕೊಳ್ಳುವ ಮಗು ನಮ್ಮ ಪ್ರಯೋಗಾಲಯಕ್ಕೆ ಇನ್ನೂ ಸಿಕ್ಕಿಲ್ಲ.

ಪ್ರೇರಣೆಯ ದೃಷ್ಟಿಯಿಂದ ಈ ಗೀಟಿಗೆ ಸರಿಸಾಟಿ ಇಲ್ಲ. ಸೋಲು ಅಗ್ಗ, ಬಂದವನು ಆಡಿಯೇ ಆಡುತ್ತಾನೆ, ನೋಡಲು ನಿಂತವನಿಗೂ ಬೇಸರ ಬರುವಷ್ಟರಲ್ಲಿ ಮುಗಿದಿರುತ್ತದೆ. ಕೊರತೆಯೂ ಇಲ್ಲೇ ಇದೆ. ಎರಡು ನಿಮಿಷದ ದಾರಿಯನ್ನು ಎಲ್ಲರೂ ಬಾಯಿಪಾಠ ಮಾಡಿಬಿಟ್ಟರೆ ಉಳಿಯುವ ವ್ಯತ್ಯಾಸ ಬೆರಳಿನ ವೇಗ ಮಾತ್ರ. ಕ್ಯಾರವಾನ್‌ನ ತಾರೆ ತಾಕಾಹಾಶಿ ಮೇಯಿಜಿನ್ ಪ್ರಸಿದ್ಧರಾಗಿದ್ದೇ ಸೆಕೆಂಡಿಗೆ 16 ಬಾರಿ ಗುಂಡಿ ಒತ್ತುವುದಕ್ಕೆ.

ಎಚ್ಚರಿಕೆ: ಗುಂಡಿಯನ್ನು ಎರಡು ನಿಮಿಷಕ್ಕಿಂತ ಎಡಕ್ಕೆ ಬಲವಂತವಾಗಿ ತಿರುಗಿಸಬೇಡಿ. 1987ರಲ್ಲಿ ಹಡ್ಸನ್ ಅದನ್ನೂ ಮಾಡಿ ನೋಡಿತು. ಶೂಟಿಂಗ್ ವಾಚ್ ಎಂಬ ಪುಟ್ಟ ಸಾಧನವು 10 ಸೆಕೆಂಡಿನಲ್ಲಿ ಎಷ್ಟು ಬಾರಿ ಒತ್ತಿದಿರಿ ಎಂದು ಎಣಿಸುತ್ತಿತ್ತು. ಶತ್ರು ಇಲ್ಲ, ನೌಕೆ ಇಲ್ಲ, ಆಕಾಶ ಇಲ್ಲ. ಆಟವೇ ಉದುರಿಹೋಗಿ ಗುಂಡಿಯೊಂದು ಉಳಿದಿತ್ತು, ಮಕ್ಕಳು ಅದನ್ನೂ ಕೊಂಡರು.

ಐದು ನಿಮಿಷ, ಒಂದು ಸಂಜೆ

ಐದು ನಿಮಿಷಕ್ಕೆ ಪ್ರತ್ಯೇಕ ಸೂಚನೆ ಇಲ್ಲ. ಎರಡು ನಿಮಿಷದ್ದೇ, ಕೈ ಸ್ವಲ್ಪ ಹೆಚ್ಚು ನೋಯುತ್ತದೆ. ಒಂದು ಸಂಜೆಯ ಗೀಟಿನಲ್ಲಿ ಪ್ರತಿಯೊಬ್ಬನಿಗೂ ಮೂರೋ ನಾಲ್ಕೋ ಆಟ ಸಿಗುತ್ತವೆ, ಮೊದಲನೆಯದು ಕೈ ಕಾಯಿಸಲು, ಕೊನೆಯದು ಬಸ್ಸು ತಪ್ಪುವ ಆತಂಕದಲ್ಲಿ. ನಡುವಿನವು ಚೆನ್ನಾಗಿರುತ್ತವೆ.

ವಾರದ ಗೀಟು

ವಾರಕ್ಕೊಂದು ಆಟ ಎಂಬ ಪದ್ಧತಿ ಸ್ಕೋರ್ ಆಟಗಾರರಲ್ಲಿ ಬಹಳ ಬಳಕೆಯಲ್ಲಿದೆ, ಅದಕ್ಕೆ ಕಾರಣವೂ ಇದೆ. ಕೆಲಸಕ್ಕೆ ಹೋಗುವವನಿಗೂ ಒಂದು ಶನಿವಾರ, ಒಂದು ಭಾನುವಾರ ಖಚಿತವಾಗಿ ಸಿಗುತ್ತದೆ. ಆಟವನ್ನು ಕಲಿಯುವಷ್ಟು ಸಮಯ ಇದೆ, ಅದರಲ್ಲಿ ಮುಳುಗಿ ಮನೆಯವರ ಕೈಲಿ ಬೈಸಿಕೊಳ್ಳುವಷ್ಟು ಇಲ್ಲ.

ಗುಂಡಿ ಇಲ್ಲಿದ್ದಾಗ ಉಪಕರಣ ಹೊರಡಿಸುವ ಶಬ್ದವನ್ನು ಗುರುತಿಸಲು ಕಲಿಯಿರಿ. ಮೊದಲ ದಿನ ಎಲ್ಲರೂ ಒಂದೊಂದು ಸ್ಕೋರ್ ಹಾಕುತ್ತಾರೆ. ಆಮೇಲೆ ಮೂರು ದಿನ ಸದ್ದಿಲ್ಲ. ಕೊನೆಯ ರಾತ್ರಿ ಪರೀಕ್ಷೆಯ ಹಿಂದಿನ ರಾತ್ರಿಯ ಹಾಸ್ಟೆಲಿನಂತೆ ಎಲ್ಲ ಕೋಣೆಗಳಲ್ಲೂ ದೀಪ. ಗುರಿ ಹತ್ತಿರವಾದಷ್ಟೂ ಇಲಿಯ ಓಟ ಜೋರಾಗುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿ ಕ್ಲಾರ್ಕ್ ಹಲ್ 1932ರಲ್ಲೇ ವಾದ ಮಂಡಿಸಿದ್ದರು. ಆದ್ದರಿಂದ ನಡುವಾರದ ಮೌನ ಕಂಡು ಆಯೋಜಕರು ಅವಧಿಯನ್ನು ಇನ್ನೊಂದು ವಾರ ಎಳೆಯಬಾರದು. ಎಳೆದರೆ ಮೌನ ಹತ್ತು ದಿನದ್ದಾಗುತ್ತದೆ, ಕೊನೆಯ ರಾತ್ರಿ ಒಂದೇ ಆಗಿ ಉಳಿಯುತ್ತದೆ.

ಇನ್ನೊಂದು ತೊಂದರೆ ಮೊದಲ ದಿನದ ದೈತ್ಯ. ಗುಂಡು ಹಾರುವ ಮುನ್ನವೇ ಯುದ್ಧ ಮುಗಿಸುವಂಥ ಸ್ಕೋರನ್ನು ಅವನು ಸೋಮವಾರ ಬೆಳಗ್ಗೆಯೇ ಹಾಕಿಬಿಡುತ್ತಾನೆ. ಎರಡನೆಯವನಿಗೆ ಕಿಚ್ಚು ಹತ್ತುತ್ತದೆ, ಇಪ್ಪತ್ತನೆಯವನು ಬೇರೆ ಆಟ ಹುಡುಕಿಕೊಳ್ಳುತ್ತಾನೆ. ಇದಕ್ಕೆ ಕುತಂತ್ರಿಗಳು ಕಂಡುಕೊಂಡ ಉಲ್ಟಾ ವಿದ್ಯೆಯೂ ಉಂಟು: ಒಳ್ಳೆಯ ಸ್ಕೋರನ್ನು ಜೇಬಿನಲ್ಲಿಟ್ಟುಕೊಂಡು, ಕೊನೆಯ ಹತ್ತು ನಿಮಿಷದಲ್ಲಿ ಹೊರತೆಗೆಯುವುದು. ಎರಡರಲ್ಲಿ ಯಾವುದು ಹೆಚ್ಚು ಹೇಯ ಎಂಬುದರ ಬಗ್ಗೆ ಕೈಪಿಡಿ ಬರೆದವರಲ್ಲಿ ಒಮ್ಮತವಿಲ್ಲ. ನನ್ನನ್ನು ಕೇಳಿದರೆ ಜೇಬಿನವನು. ದೈತ್ಯ ಕನಿಷ್ಠ ತನ್ನ ದಾರಿಯನ್ನು ಎಲ್ಲರಿಗೂ ತೋರಿಸಿರುತ್ತಾನೆ.

ಪರಿಹಾರ ಅವಧಿಯಲ್ಲಿಲ್ಲ, ಗುಂಪಿನಲ್ಲಿದೆ. 2009ರಲ್ಲಿ ಸ್ಟೀಫನ್ ಗಾರ್ಸಿಯಾ ಮತ್ತು ಅವಿಶಾಲೋಮ್ ಟೋರ್ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ಜನರ ಜೊತೆ ಪೈಪೋಟಿ ಎಂದು ಹೇಳಿಸಿಕೊಂಡ ವಿದ್ಯಾರ್ಥಿಗಳು ನೂರು ಜನರ ಜೊತೆ ಎಂದು ಹೇಳಿಸಿಕೊಂಡವರಿಗಿಂತ ಬೇಗ ಪ್ರಶ್ನೆಪತ್ರಿಕೆ ಮುಗಿಸಿದರು. ಗೆಲ್ಲುವವರ ಪ್ರಮಾಣ ಎರಡು ಕಡೆಯೂ ಒಂದೇ ಇತ್ತು. ಹಾಗಾಗಿ ನಿಮ್ಮ ಸ್ಪರ್ಧಿಗಳನ್ನು ಹತ್ತು ಹತ್ತು ಜನರ ತಂಡವಾಗಿ ಒಡೆಯಿರಿ. ನಲವತ್ತನೇ ಸ್ಥಾನದವನು ಮೂವತ್ತೊಂಬತ್ತಕ್ಕೆ ಏರಿದರೂ ಅವನ ತಂಡಕ್ಕೆ ಒಂದು ಅಂಕ ಸಿಗುವಂತಿದ್ದರೆ ಗುರುವಾರ ರಾತ್ರಿಯೂ ಯಂತ್ರ ಬೆಚ್ಚಗಿರುತ್ತದೆ.

ತಿಂಗಳ ಗೀಟು

ಗ್ರಾಹಕರ ದೂರುಗಳಲ್ಲಿ ಹೆಚ್ಚಿನವು ಈ ಗೀಟಿನವು. ದೂರಿನ ಸಾರ ಒಂದೇ: “ಸಾರ್, ತಿಂಗಳು ಕೊಟ್ಟಿದ್ದೀವಿ, ಆದರೂ ಯಾರೂ ಆಟ ಮುಗಿಸ್ತಾ ಇಲ್ಲ.” ನಿಮ್ಮ ಗುಂಡಿ ಸರಿಯಾಗಿಯೇ ಕೆಲಸ ಮಾಡುತ್ತಿದೆ, ಸಾರ್.

ಕೇವ್ ಕಂಪನಿಯ 1997ರ ದೊದೊನ್‌ಪಾಚಿಯನ್ನು ತೆಗೆದುಕೊಳ್ಳಿ. ಅದರಲ್ಲಿ ಶತ್ರುಗಳನ್ನು ನಡುವೆ ಬಿಡುವು ಕೊಡದೆ ಹೊಡೆಯುತ್ತಿದ್ದರೆ ಸರಪಳಿ ಬೆಳೆಯುತ್ತದೆ, ಸರಪಳಿ ಉದ್ದವಾದಂತೆ ಪ್ರತಿ ಶತ್ರುವಿನ ಬೆಲೆಯೂ ಏರುತ್ತದೆ. ಕಣ್ಣು ಮಿಟುಕಿಸುವಷ್ಟು ತಡವಾದರೆ ಸರಪಳಿ ಕಡಿಯಿತು, ಮತ್ತೆ ಒಂದರಿಂದ ಎಣಿಕೆ. ಒಂದು ಹಂತವನ್ನು ಆದಿಯಿಂದ ಅಂತ್ಯದವರೆಗೆ ಒಂದೇ ಸರಪಳಿಯಲ್ಲಿ ಮುಗಿಸುವುದೇ ದೊಡ್ಡ ಸ್ಕೋರಿನ ಗುಟ್ಟು.

ಈಗ ಇಬ್ಬರು ಆಟಗಾರರನ್ನು ಊಹಿಸಿ. ಒಬ್ಬನ ಸ್ಪರ್ಧೆ ನಾಳೆ ಮುಗಿಯುತ್ತದೆ. ಮೊದಲ ಹಂತದಲ್ಲಿ ಸರಪಳಿ ಕಡಿದರೆ ಅವನು ಹಲ್ಲು ಕಚ್ಚಿ ಮುಂದೆ ಹೋಗುತ್ತಾನೆ, ಏಕೆಂದರೆ ಅವನ ಹೋಲಿಕೆ ಸೊನ್ನೆಯ ಜೊತೆ. ಸಿಕ್ಕಿದ್ದೆಲ್ಲ ಲಾಭ. ಇನ್ನೊಬ್ಬನಿಗೆ ಇನ್ನೂ 26 ದಿನ ಇದೆ. ಅವನ ಹೋಲಿಕೆ ತಲೆಯೊಳಗಿರುವ, ಇನ್ನೂ ಯಾರೂ ಆಡದ ಪರಿಪೂರ್ಣ ಆಟದ ಜೊತೆ. ಸರಪಳಿ ಕಡಿದ ಕ್ಷಣವೇ ಆ ಆಟ ಅವನ ಪಾಲಿಗೆ ಸತ್ತಿತು. ಕೈ ತಾನಾಗಿಯೇ ರೀಸೆಟ್‌ಗೆ ಹೋಗುತ್ತದೆ. ಪೂರ್ತಿ ಆಟ ಅರ್ಧ ಗಂಟೆ, ಮೊದಲ ಹಂತ ಮೂರು ನಿಮಿಷ ಎಂದಿಟ್ಟುಕೊಂಡರೆ, ರಾತ್ರಿ ಊಟವಾದ ಮೇಲೆ ಸಿಗುವ ಒಂದು ಗಂಟೆಯಲ್ಲಿ ಮೊದಲನೆಯವನು ಎರಡು ಆಟ ಮುಗಿಸುತ್ತಾನೆ. ಎರಡನೆಯವನು ಇಪ್ಪತ್ತು ಆಟ ಶುರು ಮಾಡುತ್ತಾನೆ, ಒಂದನ್ನೂ ಮುಗಿಸುವುದಿಲ್ಲ. ಮೂರನೇ ವಾರದ ಹೊತ್ತಿಗೆ ಅವನು ಒಂದನೇ ಹಂತದ ಮಹಾಪಂಡಿತ. ಕೊನೆಗೂ ಒಂದು ದಿನ ಸರಪಳಿ ಕಡಿಯದೆ ಐದನೇ ಹಂತಕ್ಕೆ ಬಂದು ನಿಂತರೆ, ಅಲ್ಲಿನ ಗುಂಡಿನ ಮಳೆ ಅವನಿಗೆ ಅಪರಿಚಿತ. ಕೈ ನಡುಗುತ್ತದೆ. ಮುಂದಿನದನ್ನು ಹೇಳಬೇಕಾಗಿಲ್ಲ.

ಉದ್ದದ ಸ್ಪರ್ಧೆಯಲ್ಲಿ ಉತ್ಸಾಹ ಬತ್ತುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಬತ್ತುವುದಿಲ್ಲ. ಅದೆಲ್ಲ ಮೊದಲ ಮೂರು ನಿಮಿಷಕ್ಕೆ ಹರಿದು ಅಲ್ಲೇ ಇಂಗುತ್ತದೆ. ಇಪ್ಪತ್ತು ಬಾರಿ ಶುರು ಮಾಡಿದವನಿಗೆ ಉತ್ಸಾಹವಿಲ್ಲ ಎನ್ನುವುದು ಹೇಗೆ?

ಆದರೂ ತಿಂಗಳೇ ಬೇಕು ಎನ್ನುವ ಗ್ರಾಹಕರಿಗೆ ನಮ್ಮ ಸಲಹೆ, ಆಟ ಬದಲಿಸಿ. 1996ರ ಬ್ಯಾಟಲ್ ಗರೆಗ್ಗಾ ಒಳ್ಳೆಯದು. ಅದರಲ್ಲಿ ನೀವು ಹಾರಿಸುವ ಒಂದೊಂದು ಗುಂಡೂ, ಎತ್ತಿಕೊಳ್ಳುವ ಒಂದೊಂದು ಆಯುಧವೂ ತೆರೆಯ ಹಿಂದೆ ‘ರ‍್ಯಾಂಕ್’ ಎಂಬ ಕಾಣದ ಲೆಕ್ಕವನ್ನು ಏರಿಸುತ್ತವೆ, ರ‍್ಯಾಂಕ್ ಏರಿದಂತೆ ಆಟ ಕ್ರೂರವಾಗುತ್ತದೆ. ಇಳಿಸುವ ಮುಖ್ಯ ಉಪಾಯ ಸಾಯುವುದು. ಹಾಗಾಗಿ ಬಲ್ಲವರು ಬೇಕೆಂದೇ ನೌಕೆ ಬಲಿಕೊಡುತ್ತಾರೆ, ಪ್ರತಿ 10 ಲಕ್ಷ ಅಂಕಕ್ಕೆ ಸಿಗುವ ನೌಕೆಯಿಂದ ಆ ಖರ್ಚು ತುಂಬಿಕೊಳ್ಳುತ್ತಾರೆ. ಪದಕಗಳನ್ನು ಬೀಳಿಸದೆ ಆರಿಸಿದರೆ ಒಂದೊಂದರ ಬೆಲೆ 10,000ದವರೆಗೆ ಏರುತ್ತದೆ. ಒಂದು ಜಾರಿಬಿದ್ದರೆ ಕೆಳಗಿನಿಂದ ಮತ್ತೆ ಏರಿಸಬೇಕು, ಆದರೆ ಏರಿಸಬಹುದು. ಆರಂಭದ ಒಂದು ಎಡವಟ್ಟಿಗೆ ಆಟ ಸಾಯುವುದಿಲ್ಲ, ಆದ್ದರಿಂದ ಜನ ಮುಗಿಸುತ್ತಾರೆ. ಸಾವೇ ಯೋಜನೆಯ ಭಾಗವಾದ ಕಡೆ ರೀಸೆಟ್ ಒತ್ತಲು ನೆಪ ಕಡಿಮೆ.

ಇದರ ಪ್ರೋಗ್ರಾಮರ್ ಯಾಗಾವಾ ಶಿನೊಬು ನಾಲ್ಕು ವರ್ಷ ಮೊದಲು, 1992ರಲ್ಲಿ, ರೆಕ್ಕಾ ಎಂಬ ಆಟ ಬರೆದಿದ್ದರು. ಅದು ನ್ಯಾಗ್ಸಾಟ್ ಕಂಪನಿಯ ಬೇಸಿಗೆ ಸ್ಪರ್ಧೆಗೆಂದು ಮಾಡಿದ ಆಟ, ಒಳಗೆ ಎರಡು ನಿಮಿಷದ ಸ್ಕೋರ್ ವಿಭಾಗ. ನಮ್ಮ ಗುಂಡಿಯ ಎರಡು ನಿಮಿಷದ ಗೀಟಿಗೂ ತಿಂಗಳ ಗೀಟಿಗೂ ಒಪ್ಪುವ ಆಟ ಬರೆದ ಮನುಷ್ಯ ಒಬ್ಬರೇ ಎಂಬುದನ್ನು ಜಾಹೀರಾತಿನಲ್ಲಿ ಹಾಕಿಕೊಳ್ಳಲು ನಮಗೆ ಆಸೆಯಿದೆ.

‘ಎಂದೆಂದಿಗೂ’ ಗೀಟು

ಗುಂಡಿಯ ಬಲತುದಿ. ಇಲ್ಲಿ ಸ್ಪರ್ಧೆ ಎಂಬುದು ಮುಗಿಯುವುದಿಲ್ಲ, ಪಟ್ಟಿಯೊಂದು ಇರುತ್ತದೆ. 1986ರಲ್ಲಿ ಆರಂಭವಾಗಿ 1999ರಲ್ಲಿ ನಿಂತುಹೋದ ಜಪಾನಿನ ಗೇಮೆಸ್ಟ್ ಪತ್ರಿಕೆ ದೇಶದ ಆರ್ಕೇಡ್‌ಗಳಿಂದ ಸ್ಕೋರು ತರಿಸಿಕೊಂಡು ಅಚ್ಚು ಹಾಕುತ್ತಿತ್ತು. ಪ್ರತಿ ಆಟಕ್ಕೂ ದೇಶಕ್ಕೊಬ್ಬನೇ ಮೊದಲಿಗ. ಆಟಗಾರರು ಆ ಸ್ಥಾನವನ್ನು ‘ಝೆನ್-ಇಚಿ’ ಎನ್ನುತ್ತಿದ್ದರು, ಅದಕ್ಕಾಗಿ ಒಂದೇ ಆಟಕ್ಕೆ ವರ್ಷಗಟ್ಟಲೆ ಅಂಟಿಕೊಂಡವರು ಇದ್ದರು, ಇಂದಿಗೂ ಇದ್ದಾರೆ. ಈ ಗೀಟಿನಲ್ಲಿ ಎದುರಾಳಿ ಕಾಣುವುದಿಲ್ಲ. ಪತ್ರಿಕೆಯ ಮುಂದಿನ ಸಂಚಿಕೆಯೇ ಆಗ ಗಡಿಯಾರವಾಗಿತ್ತು.

ಬಲತುದಿಯಲ್ಲಿ ಎರಡು ಬಗೆಯ ಅಪಘಾತ ಸಾಮಾನ್ಯ. ಒಂದು, ಯಾರೋ ಸಾಯದೆ ಅಂಕ ಗಳಿಸುತ್ತಲೇ ಇರುವ ಸುಳಿಯೊಂದನ್ನು ಕಂಡುಹಿಡಿಯುವುದು. ಆಗ ಅದನ್ನು ನಿಷೇಧಿಸಬೇಕು ಅಥವಾ ಆ ಆಟದ ಲೆಕ್ಕವನ್ನೇ ಮುಚ್ಚಬೇಕು. ಇನ್ನೊಂದು, ಸ್ಕೋರು ತೋರಿಸುವ ಅಂಕಿಗಳೇ ಮುಗಿದುಹೋಗುವುದು. ನಾಮ್ಕೋದ 1983ರ ಝೆವಿಯಸ್ 99,99,990ಕ್ಕೆ ನಿಲ್ಲುತ್ತದೆ. ಅಲ್ಲಿಗೆ ತಲುಪಿದ ಹತ್ತು ಜನ ಹತ್ತೂ ಜನ ಸಮಾನರು, ಹನ್ನೊಂದನೆಯವನಿಗೆ ಹೊರಡಲು ಮನಸ್ಸೇ ಬರುವುದಿಲ್ಲ. ಗುಂಡಿ ಯಾವ ಗೀಟಿನಲ್ಲಿದ್ದರೂ ಛಾವಣಿಗೆ ತಲೆ ತಾಗಿದ ದಿನ ಸ್ಪರ್ಧೆ ಮುಗಿದಂತೆ.

ದೋಷ ಪತ್ತೆ

ಲಕ್ಷಣ: ಆಟಗಾರ ದಿನಕ್ಕೆ ಎಂಟು ಗಂಟೆ ಆಡುತ್ತಿದ್ದಾನೆ, ಸ್ಕೋರು ಏರುತ್ತಿಲ್ಲ. ಗುಂಡಿ ತಿರುಗಿಸಿ ಪ್ರಯೋಜನವಿಲ್ಲ. ದಿನಕ್ಕೆ ಮೊದಲ ಮೂರು ಆಟಗಳ ಸ್ಕೋರು ಮಾತ್ರ ಲೆಕ್ಕಕ್ಕೆ, ಅರ್ಧಕ್ಕೆ ಬಿಟ್ಟದ್ದೂ ಸೇರಿ, ಎಂಬ ನಿಯಮ ತನ್ನಿ. ರೀಸೆಟ್ ದುಬಾರಿಯಾದ ಕೂಡಲೇ ಎರಡನೇ ಹಂತ ಎಂಬುದೊಂದು ಇದೆ ಎಂದು ಜನರಿಗೆ ನೆನಪಾಗುತ್ತದೆ. ‘ಆಟ ದಿನಕ್ಕೆ ಒಂದು ಗಂಟೆ’ ಎಂದು ಮಕ್ಕಳಿಗೆ ಹೇಳಿ ಹೆಸರಾದವರೂ ಇದೇ 16 ಗುಂಡಿನ ತಾಕಾಹಾಶಿ, 1985ರಲ್ಲಿ. ಆಟ ಮಾರುವ ಕಂಪನಿಯ ಮನುಷ್ಯ ಹಾಗೆ ಅಂದದ್ದು ಒಳಗಿನವರಿಗೆ ಹೇಗೆ ಕೇಳಿಸಿತೋ, ಎರಡು ನಿಮಿಷದ ಸ್ಪರ್ಧೆಗೆ ಅಭ್ಯಾಸ ಮಾಡುವವನಿಗೆ ಅದು ಮೂವತ್ತು ಪೂರ್ತಿ ಆಟ.

ಲಕ್ಷಣ: ಅವಧಿ ವಿಸ್ತರಿಸಿ ಎಂದು ಸೋಲುತ್ತಿರುವವರೆಲ್ಲ ಕೇಳುತ್ತಿದ್ದಾರೆ. ಇದು ಉಪಕರಣದ ಸಹಜ ಸದ್ದು. ಎಣ್ಣೆ ಬಿಡಬೇಡಿ.

ಲಕ್ಷಣ: ಸ್ಪರ್ಧೆ ಮುಗಿದ ಮರುದಿನ ಒಬ್ಬನಿಗೆ ಜೀವಮಾನದ ಸ್ಕೋರು ಬಂದಿದೆ, ಪಟ್ಟಿಗೆ ಸೇರಿಸಿ ಎಂದು ಬೇಡಿಕೊಳ್ಳುತ್ತಿದ್ದಾನೆ. ಸೇರಿಸಬೇಡಿ. ರಿಪ್ಲೇ ಇದ್ದರೆ ಮಾತ್ರ ತರಿಸಿಕೊಂಡು ನೋಡಿ. ಒಂದನೇ ಹಂತದಲ್ಲೇ ಎಲ್ಲೋ ಒಂದು ಕಡೆ ಸರಪಳಿ ಕಡಿದಿರುತ್ತದೆ, ಸ್ಪರ್ಧೆಯ ದಿನಗಳಾಗಿದ್ದರೆ ಅವನು ಅಲ್ಲೇ ರೀಸೆಟ್ ಒತ್ತಿರುತ್ತಿದ್ದ.